ಸಂಘದ ಹೆಸರಲ್ಲಿ ರಾಜಕೀಯ ಹೇಳಿಕೆ: ಕೊಡಬೇಕೇ, ಕೊಡುವುದಾದರೆ ಹೇಗೆ?

ಚುನಾವಣೆ ಹತ್ತಿರವಾದಾಗ ಅಥವಾ ನಾಡಿನಲ್ಲಿ ದೊಡ್ಡ ವಿವಾದ ಎದ್ದಾಗ ಓದುಗರಿಂದ ಒಂದೇ ಪ್ರಶ್ನೆ ಎರಡು ದಿಕ್ಕಿನಿಂದ ಬರುತ್ತದೆ. "ನಮ್ಮ ಅಧ್ಯಕ್ಷರು ಯಾರನ್ನೂ ಕೇಳದೆ ಸಂಘದ ಲೆಟರ್‌ಹೆಡ್‌ನಲ್ಲಿ ಹೇಳಿಕೆ ಕೊಟ್ಟುಬಿಟ್ಟಿದ್ದಾರೆ, ಹೀಗೆ ಮಾಡಬಹುದೇ?" ಎಂದು ಕೆಲವರು ಕೇಳುತ್ತಾರೆ. "ಇಷ್ಟೆಲ್ಲ ನಡೆಯುತ್ತಿದ್ದರೂ ನಮ್ಮ ಸಂಘ ಬಾಯಿ ಬಿಡುತ್ತಿಲ್ಲವಲ್ಲ?" ಎಂದು ಇನ್ನು ಕೆಲವರು. ಕನ್ನಡ ಸಂಘ, ಬಡಾವಣೆ ನಿವಾಸಿಗಳ ಸಂಘ, ವರ್ತಕರ ಸಂಘ, ಸಮುದಾಯದ ಸಂಘ, ವಕೀಲರ ಸಂಘ, ಹಳೆಯ ವಿದ್ಯಾರ್ಥಿಗಳ ಸಂಘ, ಯಾವುದೇ ಇರಲಿ, ತೊಡಕು ಒಂದೇ.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಪಕ್ಷ ಅಥವಾ ಅಭ್ಯರ್ಥಿಯ ಪರ-ವಿರೋಧದ ಹೇಳಿಕೆ ಸಂಘದ ಹೆಸರಲ್ಲಿ ಬೇಡವೇ ಬೇಡ. ಸಂಘ ಹುಟ್ಟಿದ ಉದ್ದೇಶಕ್ಕೆ ನೇರವಾಗಿ ತಟ್ಟುವ ಸರ್ಕಾರದ ನೀತಿ, ಕಾನೂನು, ಆದೇಶದ ಬಗ್ಗೆ ಮಾತಾಡಬಹುದು, ಎಷ್ಟೋ ಸಲ ಮಾತಾಡಲೇಬೇಕು. ಆದರೆ ಸದಸ್ಯರನ್ನು ಕೇಳಿದ ಮೇಲೆ. ಈ ಎರಡರ ನಡುವೆ ಬರುವುದನ್ನೆಲ್ಲ ಸದಸ್ಯರು ವ್ಯಕ್ತಿಗಳಾಗಿ, ತಮ್ಮ ತಮ್ಮ ಹೆಸರಲ್ಲಿ ಹೇಳಿಕೊಳ್ಳಲಿ.

"ಸಂಘಕ್ಕೂ ರಾಜಕೀಯಕ್ಕೂ ಸಂಬಂಧವೇ ಇರಬಾರದು" ಎಂಬ ವಾದವನ್ನು ನಾವು ಒಪ್ಪುವುದಿಲ್ಲ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದಾಗ ಆ ಭಾಗ ಮುಂಬೈ ಪ್ರಾಂತದಲ್ಲಿತ್ತು. ಕನ್ನಡದ ಶಾಲೆ, ಕನ್ನಡದ ಪುಸ್ತಕ ಬೇಕು ಎಂದು ಶುರುವಾದ ಆ ಕೆಲಸವೇ ಏಕೀಕರಣದ ಬೇಡಿಕೆಗೆ ನೆಲ ಹದ ಮಾಡಿತು, 1956ರ ನವೆಂಬರ್ 1ರಂದು ಅದು ಕೈಗೂಡಿತು. ಆ ಸಂಘ ತನ್ನ ಉದ್ದೇಶಕ್ಕೆ ಸೇರಿದ ಮಾತನ್ನು ಆಡದೆ ಉಳಿದಿದ್ದರೆ ನಮಗೆಲ್ಲ ನಷ್ಟವಾಗುತ್ತಿತ್ತು. ಸಾಹಿತ್ಯ ಸಮ್ಮೇಳನಗಳ ಬಹಿರಂಗ ಅಧಿವೇಶನದಲ್ಲಿ ನಿರ್ಣಯ ಮಂಡಿಸಿ, ಸಭೆಯ ಒಪ್ಪಿಗೆ ಪಡೆದು, ಸರ್ಕಾರಕ್ಕೆ ಕಳಿಸುವ ರೂಢಿಯೂ ಇದೇ ದಾರಿಯದು. ಸಭೆಯ ಮುಂದೆ ಇಟ್ಟು ಒಪ್ಪಿಗೆ ಪಡೆಯುವುದು ಇದರ ತಿರುಳು. ಕೆಳಗಿನ ಹಂತಗಳೆಲ್ಲ ಆ ತಿರುಳಿನ ಸುತ್ತಲೇ ಇವೆ.

ಹಂತ 1: ಕಾಗದಪತ್ರ ಮೇಜಿನ ಮೇಲೆ ಬರಲಿ

ಚರ್ಚೆಗೆ ಇಳಿಯುವ ಮೊದಲು ಇವಿಷ್ಟನ್ನು ತೆಗೆದಿಟ್ಟುಕೊಳ್ಳಿ: ನೋಂದಣಿ ಪ್ರಮಾಣಪತ್ರ, ಜ್ಞಾಪನ ಪತ್ರ (ಮೆಮೊರಾಂಡಂ, ಅಂದರೆ ಸಂಘದ ಹೆಸರು ಮತ್ತು ಉದ್ದೇಶಗಳನ್ನು ಹೇಳುವ ಮೂಲ ಕಾಗದ), ಬೈಲಾ (ಸಂಘ ನಡೆಯುವ ನಿಯಮಗಳು), ಆದಾಯ ತೆರಿಗೆ ವಿನಾಯಿತಿಯ ಆದೇಶಗಳು, ವಿದೇಶಿ ದೇಣಿಗೆಯ ನೋಂದಣಿ ಇದ್ದರೆ ಅದು, ಚಾಲ್ತಿಯಲ್ಲಿರುವ ಸದಸ್ಯರ ಪಟ್ಟಿ, ಹಿಂದಿನ ಐದು ವರ್ಷದ ನಡಾವಳಿ ಪುಸ್ತಕ.

ಕರ್ನಾಟಕದ ಹೆಚ್ಚಿನ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇರುತ್ತವೆ. ಕಾರ್ಮಿಕ ಸಂಘವಾದರೆ 2025ರ ನವೆಂಬರ್‌ವರೆಗೆ 1926ರ ಕಾಯ್ದೆಯಿತ್ತು, ಈಗ ಅದರ ಜಾಗದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಇದೆ. ಸಹಕಾರ ಸಂಘವಾದರೆ 1959ರ ಕರ್ನಾಟಕ ಕಾಯ್ದೆ. ನಿಮ್ಮದು ಯಾವುದು ಎಂಬುದು ಪ್ರಮಾಣಪತ್ರದ ತಲೆಯಲ್ಲೇ ಅಚ್ಚಾಗಿರುತ್ತದೆ.

ಈಗ ಎರಡು ಕಡೆ ಗೆರೆ ಎಳೆಯಿರಿ. ಮೊದಲನೆಯದು, ಜ್ಞಾಪನ ಪತ್ರದ ಉದ್ದೇಶಗಳ ಭಾಗ. ಎರಡನೆಯದು, ಬೈಲಾದಲ್ಲಿ ಅಧ್ಯಕ್ಷರು ಮತ್ತು ಕಾರ್ಯದರ್ಶಿಯ ಅಧಿಕಾರಗಳ ಭಾಗ. ಬಹುಪಾಲು ಬೈಲಾಗಳಲ್ಲಿ ಅಧ್ಯಕ್ಷರು "ಸಭೆಗಳ ಅಧ್ಯಕ್ಷತೆ ವಹಿಸತಕ್ಕದ್ದು", ಕಾರ್ಯದರ್ಶಿ "ಪತ್ರವ್ಯವಹಾರ ನಡೆಸತಕ್ಕದ್ದು" ಎಂದಷ್ಟೇ ಇರುತ್ತದೆ. ಬ್ಯಾಂಕ್ ಚೆಕ್ಕಿಗೆ, ಕರಾರಿಗೆ ಸಹಿ ಮಾಡುವ ಅಧಿಕಾರ ಇರುತ್ತದೆ. ಸಂಘದ ಅಭಿಪ್ರಾಯ ಪ್ರಕಟಿಸುವ ಅಧಿಕಾರ ಬರೆದಿರುವುದಿಲ್ಲ. ಜನ ಎಡವುವುದು ಇಲ್ಲೇ. ಪತ್ರವ್ಯವಹಾರದ ಅಧಿಕಾರವನ್ನೇ ಅಭಿಪ್ರಾಯ ಹೇಳುವ ಅಧಿಕಾರ ಎಂದುಕೊಂಡುಬಿಡುತ್ತಾರೆ. ಜಿಲ್ಲಾಧಿಕಾರಿ ಕಚೇರಿಗೆ ಸಭಾಂಗಣ ಕೇಳಿ ಪತ್ರ ಬರೆಯುವುದೇ ಬೇರೆ, ಸರ್ಕಾರದ ಮಸೂದೆಯೊಂದನ್ನು ಸಂಘ ಖಂಡಿಸುತ್ತದೆ ಎಂದು ಪತ್ರಿಕೆಗೆ ಬರೆಯುವುದೇ ಬೇರೆ.

ಹಂತ 2: ವಿಷಯ ಯಾವ ಗುಂಪಿಗೆ ಸೇರುತ್ತದೆ, ನೋಡಿ

ಮೊದಲ ಗುಂಪು: ಉದ್ದೇಶಕ್ಕೆ ನೇರ ಸಂಬಂಧವಿರುವುದು. ಕನ್ನಡ ಸಂಘಕ್ಕೆ ಊರಿನ ಸರ್ಕಾರಿ ಕನ್ನಡ ಶಾಲೆಯ ಉಳಿವು, ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆನ್ನುವ 2024ರ ತಿದ್ದುಪಡಿಯ ಜಾರಿ. ನಿವಾಸಿಗಳ ಸಂಘಕ್ಕೆ ಆಸ್ತಿ ತೆರಿಗೆ, ಕುಡಿಯುವ ನೀರು, ರಾಜಕಾಲುವೆ ಒತ್ತುವರಿ. ಇಲ್ಲಿ ಸದಸ್ಯರ ಕೈಯಲ್ಲಿ ಅನುಭವವಿದೆ, ಅಂಕಿ-ಅಂಶವಿದೆ, ಹೇಳಿದರೆ ಅಧಿಕಾರಿಗಳು ಕೇಳುತ್ತಾರೆ. ಎರಡನೆಯ ಗುಂಪು: ಪಕ್ಷ, ಅಭ್ಯರ್ಥಿ, ಚುನಾವಣೆ. ಇದನ್ನು ಕೈಬಿಡಿ. ಮೂರನೆಯದು: ನಾಡಿನ, ದೇಶದ, ಹೊರದೇಶದ ದೊಡ್ಡ ವಿವಾದಗಳು. ಮನಸ್ಸಿಗೆ ತಟ್ಟುತ್ತವೆ ನಿಜ, ಆದರೆ ಸಂಘದ ಉದ್ದೇಶಕ್ಕೆ ನೇರ ನಂಟಿಲ್ಲ.

ತಲೆನೋವೆಲ್ಲ ಮೂರನೆಯ ಗುಂಪಿನಿಂದಲೇ. ಹಳೆಯ ವಿದ್ಯಾರ್ಥಿಗಳ ಸಂಘವೊಂದು ನೆರೆಯ ರಾಜ್ಯದ ಗಲಭೆಯ ಬಗ್ಗೆ ಹೇಳಿಕೆ ಕೊಟ್ಟರೆ ಮುಂದಿನ ತಿಂಗಳು ಇನ್ನೊಂದು ಘಟನೆಗೂ ಕೊಡಬೇಕಾಗುತ್ತದೆ. ಕೊಡದಿದ್ದರೆ "ಅದಕ್ಕೆ ಕೊಟ್ಟಿರಿ, ಇದಕ್ಕೇಕಿಲ್ಲ?" ಎಂಬ ಮಾತು ಬರುತ್ತದೆ, ಆ ಮಾತು ನ್ಯಾಯವಾದದ್ದೇ. ಒಮ್ಮೆ ಈ ದಾರಿ ಹಿಡಿದರೆ ಸಂಘದ ಪ್ರತಿ ಮೌನಕ್ಕೂ ಅರ್ಥ ಹಚ್ಚಲಾಗುತ್ತದೆ. ಸದಸ್ಯರು ಚಂದಾ ಕೊಟ್ಟು ಸೇರಿದ್ದು ಗ್ರಂಥಾಲಯಕ್ಕೋ ನಾಟಕೋತ್ಸವಕ್ಕೋ ವಿದ್ಯಾರ್ಥಿವೇತನಕ್ಕೋ. ಈ ವಿವಾದದಲ್ಲಿ ತಮ್ಮ ಪರವಾಗಿ ಮಾತಾಡಿ ಎಂದು ಯಾರೂ ಅಧಿಕಾರ ಕೊಟ್ಟಿರಲಿಲ್ಲ.

ಗುಂಪು ಯಾವುದೆಂದು ಅನುಮಾನ ಬಂದರೆ ಒಂದು ಪರೀಕ್ಷೆ ಮಾಡಿ. ಅಧಿಕಾರದಲ್ಲಿರುವ ಪಕ್ಷ ಬದಲಾಗಿದ್ದರೂ ಇದೇ ಮಾತನ್ನು, ಇದೇ ಕಾವಿನಲ್ಲಿ ಹೇಳುತ್ತಿದ್ದೆವೇ? ಇದಕ್ಕೆ ಉತ್ತರ ಊಹಿಸಬೇಡಿ, ನಡಾವಳಿ ಪುಸ್ತಕ ತೆರೆಯಿರಿ. ಹಿಂದಿನ ಸರ್ಕಾರ ಇದೇ ಬಗೆಯ ಆದೇಶ ಹೊರಡಿಸಿದಾಗ ಸಂಘ ಏನು ಮಾಡಿತ್ತು ಎಂಬುದು ಅಲ್ಲಿರುತ್ತದೆ. ಆಗ ಸುಮ್ಮನಿದ್ದು ಈಗ ಎದ್ದು ನಿಂತರೆ, ನಿಮ್ಮ ಕಾಳಜಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ಓದುವವರು ಅದನ್ನು ಪಕ್ಷದ ಮಾತೆಂದೇ ಓದುತ್ತಾರೆ.

ಹೇಳಿಕೆ ಕೊಡುವುದಿಲ್ಲ ಎಂದು ತೀರ್ಮಾನಿಸಿದರೂ ಅದನ್ನು ಬರೆದಿಡಿ. "ಈ ವಿಷಯ ಸಂಘದ ಉದ್ದೇಶಗಳ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಸಂಘದ ಹೆಸರಿನಲ್ಲಿ ಹೇಳಿಕೆ ನೀಡುವುದು ಬೇಡವೆಂದು ಸಮಿತಿ ನಿರ್ಧರಿಸಿತು, ಸದಸ್ಯರು ವೈಯಕ್ತಿಕವಾಗಿ ಅಭಿಪ್ರಾಯ ವ್ಯಕ್ತಪಡಿಸಲು ಸ್ವತಂತ್ರರು." ಹೇಳಿಕೆ ಬೇಕೆಂದು ಕೇಳಿದ ಸದಸ್ಯರಿಗೆ ಈ ಸಾಲನ್ನೇ ಪತ್ರದಲ್ಲಿ ಕಳಿಸಿ. ಉತ್ತರವೇ ಕೊಡದೆ ಕೂತರೆ ಅವರಿಗೆ ಅದು ತಿರಸ್ಕಾರದಂತೆ ಕಾಣುತ್ತದೆ.

ಹಂತ 3: ಕಾನೂನಿನ ಗೆರೆ ಎಲ್ಲೆಲ್ಲಿದೆ

ಸಂಘ ಕಟ್ಟುವ ಹಕ್ಕು, ಮಾತಾಡುವ ಹಕ್ಕು ಎರಡೂ ಸಂವಿಧಾನದ 19ನೇ ವಿಧಿಯಲ್ಲಿವೆ. ಆದರೂ ಕೆಲವು ಸಂಘಗಳಿಗೆ ಹೆಚ್ಚುವರಿ ಕಟ್ಟುಪಾಡುಗಳಿವೆ. ನಿಮಗೆ ಅನ್ವಯವಾಗುವುದನ್ನು ಮಾತ್ರ ಓದಿ.

*ತೆರಿಗೆ ವಿನಾಯಿತಿ ಇರುವ ಸಂಘ.* ಜನ 12ಎ, 80ಜಿ ಎಂದು ಕರೆಯುವ ನೋಂದಣಿ ನಿಮಗಿದ್ದರೆ ಸಂಘದ ಹಣ ಉದ್ದೇಶಗಳಿಗೇ ಖರ್ಚಾಗಬೇಕು. ಪಕ್ಷಕ್ಕೆ ಕೊಟ್ಟ ದೇಣಿಗೆ, ಅಭ್ಯರ್ಥಿಯ ಪರ ಹಾಕಿಸಿದ ಜಾಹೀರಾತು ಆ ಲೆಕ್ಕಕ್ಕೆ ಬರುವುದಿಲ್ಲ, ನೋಂದಣಿಗೇ ಕುತ್ತು ತರಬಹುದು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಕಲಂ ಸಂಖ್ಯೆಗಳು ಬದಲಾಗಿವೆ. ಲೆಕ್ಕಪರಿಶೋಧಕರ ಹತ್ತಿರ ಕೇಳುವಾಗ ಹಳೆಯ ಸಂಖ್ಯೆ, ಹೊಸ ಸಂಖ್ಯೆ ಎರಡನ್ನೂ ಕೇಳಿ ಬರೆದಿಟ್ಟುಕೊಳ್ಳಿ.

*ವಿದೇಶಿ ದೇಣಿಗೆ ಪಡೆಯುವ ಸಂಘ.* 2010ರ ಕಾಯ್ದೆ (ಎಫ್‌ಸಿಆರ್‌ಎ) ಪ್ರಕಾರ ಪಕ್ಷಗಳು ಮತ್ತು "ರಾಜಕೀಯ ಸ್ವರೂಪದ ಸಂಘಟನೆ" ಎಂದು ಘೋಷಿತವಾದ ಸಂಸ್ಥೆಗಳು ಹೊರದೇಶದ ಹಣ ಪಡೆಯುವಂತಿಲ್ಲ. ಬಂದ್, ಹರತಾಳ, ರಸ್ತೆ ತಡೆ ನಡೆಸಿದವರನ್ನೆಲ್ಲ ಈ ಪಟ್ಟಿಗೆ ಸೇರಿಸಲು ನಿಯಮದಲ್ಲಿ ಅವಕಾಶವಿತ್ತು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕುಗ್ಗಿಸಿತು: ಸಕ್ರಿಯ ರಾಜಕಾರಣ ಅಥವಾ ಪಕ್ಷ ರಾಜಕಾರಣದಲ್ಲಿ ತೊಡಗದ ಸಂಸ್ಥೆಯನ್ನು ಪ್ರತಿಭಟಿಸಿದ ಕಾರಣಕ್ಕಷ್ಟೇ ರಾಜಕೀಯ ಸಂಘಟನೆ ಎನ್ನುವಂತಿಲ್ಲ. ಹಾಗಾಗಿ ನೀತಿಯ ಬಗ್ಗೆ ಮಾತಿಗೆ ಜಾಗವಿದೆ, ಪಕ್ಷದ ನೆರಳು ಬೀಳಬಾರದು ಅಷ್ಟೇ.

*ವಕೀಲರ ಸಂಘ.* ವಕೀಲರಿಗೆ ಮುಷ್ಕರ ಹೂಡುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಅದೇ ತೀರ್ಪಿನಲ್ಲಿ ಪತ್ರಿಕಾ ಹೇಳಿಕೆ, ತೋಳಿಗೆ ಪಟ್ಟಿ, ನ್ಯಾಯಾಲಯದ ಆವರಣದಾಚೆ ಶಾಂತಿಯುತ ಮೆರವಣಿಗೆಗೆ ಅಡ್ಡಿಯಿಲ್ಲ ಎಂದೂ ಇದೆ. ಇಂಥ ಆರೋಪಿಯ ಪರ ಯಾರೂ ವಕಾಲತ್ತು ಹಾಕಬಾರದು ಎಂಬ ನಿರ್ಣಯಗಳು ಮಾತ್ರ ಅಸಿಂಧು ಎಂದು 2010ರ ತೀರ್ಪು ಸ್ಪಷ್ಟವಾಗಿ ಹೇಳಿದೆ.

*ಸರ್ಕಾರಿ ನೌಕರರು ಪದಾಧಿಕಾರಿಗಳಾಗಿದ್ದರೆ.* ನಡತೆ ನಿಯಮಗಳು ಅವರನ್ನು ರಾಜಕಾರಣದಿಂದ ದೂರ ಇಡುತ್ತವೆ. ಸಂಘದ ಹೇಳಿಕೆಗೆ ಅವರ ಸಹಿ ಬಿದ್ದರೆ ನೋಟಿಸ್ ಬರುವುದು ಸಂಘಕ್ಕಲ್ಲ, ಅವರಿಗೆ. ಹಾಗಾಗಿ ಸಹಿ ಯಾರದಿರಬೇಕೆಂದು ಮೊದಲೇ ಯೋಚಿಸಿ.

*ಚುನಾವಣೆಯ ಹೊತ್ತು.* ಇಲ್ಲಿ ಹೆಚ್ಚು ಎಚ್ಚರ ಬೇಕು. ಅಭ್ಯರ್ಥಿಯ ಲಿಖಿತ ಅಧಿಕಾರವಿಲ್ಲದೆ ಅವರ ಪರ ಸಭೆ, ಜಾಹೀರಾತಿಗೆ ಖರ್ಚು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಂ ಪ್ರಕಾರ ಅಪರಾಧ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಚುನಾವಣೆಗೆ ಸಂಬಂಧಿಸಿದ ಕರಪತ್ರ, ಭಿತ್ತಿಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು-ವಿಳಾಸ ಇರಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಟಿ.ವಿ., ಜಾಲತಾಣದಲ್ಲಿ ರಾಜಕೀಯ ಜಾಹೀರಾತು ಹಾಕಲು ಮಾಧ್ಯಮ ಪ್ರಮಾಣೀಕರಣ ಸಮಿತಿಯ (ಎಂಸಿಎಂಸಿ) ಪೂರ್ವಾನುಮತಿ ಬೇಕು. ಪಕ್ಷ, ಅಭ್ಯರ್ಥಿಗಳು ಮೂರು ದಿನ ಮೊದಲು ಅರ್ಜಿ ಹಾಕಿದರೆ ಸಾಕು, ಸಂಘದಂಥ ಉಳಿದವರು ಏಳು ದಿನ ಮೊದಲೇ ಹಾಕಬೇಕು. ಮತದಾನ ಮುಗಿಯುವ ಗಂಟೆಗೆ ಹಿಂದಿನ 48 ಗಂಟೆ ಯಾವ ಚುನಾವಣಾ ಸಭೆಯೂ ಇಲ್ಲ.

ಸಮುದಾಯದ ಸಂಘದವರು ಇದನ್ನು ಎರಡು ಸಲ ಓದಿ. ಧರ್ಮ, ಜಾತಿ, ಸಮುದಾಯ, ಭಾಷೆಯ ಹೆಸರಲ್ಲಿ ಮತ ಕೇಳುವುದು ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಂ ಪ್ರಕಾರ ಭ್ರಷ್ಟ ಆಚರಣೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಇದರ ವ್ಯಾಪ್ತಿಯನ್ನು ಹಿಗ್ಗಿಸಿ, ಅಭ್ಯರ್ಥಿಯ ಜಾತಿ-ಧರ್ಮವಷ್ಟೇ ಅಲ್ಲ, ಮತದಾರರ ಜಾತಿ-ಧರ್ಮದ ಹೆಸರಲ್ಲಿ ಕರೆ ಕೊಟ್ಟರೂ ತಪ್ಪೇ ಎಂದಿತು. "ನಮ್ಮ ಸಮಾಜದ ಮತವೆಲ್ಲ ಇಂಥವರಿಗೆ" ಎಂಬ ಸಂಘದ ಕರೆಗೆ ಅಭ್ಯರ್ಥಿಯ ಒಪ್ಪಿಗೆ ಇತ್ತೆಂದು ಸಾಬೀತಾದರೆ ಅವರು ಗೆದ್ದರೂ ಆಯ್ಕೆ ಅಸಿಂಧುವಾಗಬಹುದು. ಯಾರಿಗೆ ನೆರವಾಗಲು ಹೊರಟಿರೋ ಅವರಿಗೇ ಪೆಟ್ಟು.

*ಹೊರದೇಶದ ಕನ್ನಡ ಕೂಟಗಳು.* ಅಮೆರಿಕದಲ್ಲಿ 501(ಸಿ)(3) ಎಂಬ ತೆರಿಗೆ ವಿನಾಯಿತಿ ಇರುವ ಕೂಟ ಅಭ್ಯರ್ಥಿಯ ಪರವಾಗಲಿ ವಿರೋಧವಾಗಲಿ ಪ್ರಚಾರ ಮಾಡುವಂತಿಲ್ಲ, 1954ರಿಂದ ಈ ನಿಷೇಧವಿದೆ. ನೀತಿಯ ಬಗ್ಗೆ ಮಿತಿಯೊಳಗೆ ಮಾತಾಡಬಹುದು. ಬ್ರಿಟನ್ನಿನಲ್ಲಿ ದತ್ತಿ ಸಂಸ್ಥೆಯಾಗಿದ್ದರೆ ಮಾತು ಉದ್ದೇಶಕ್ಕೆ ಪೂರಕವಾಗಿರಬೇಕು, ಪಕ್ಷದ್ದಾಗಿರಬಾರದು. ಕೊಲ್ಲಿ ದೇಶಗಳಲ್ಲಿ ರಾಜಕೀಯ ಹೇಳಿಕೆಯ ಯೋಚನೆಯನ್ನೇ ಬಿಡಿ. ಅದರ ಫಲ ಅನುಭವಿಸುವವರು ವೀಸಾದ ಮೇಲೆ ದುಡಿಯುವ ಸದಸ್ಯರು.

ಹಣದ ವಿಷಯದಲ್ಲಿ ಎಲ್ಲ ಸಂಘಗಳಿಗೂ ಮಾದರಿಯಾಗಬಲ್ಲ ಒಂದು ನಿಯಮ 1926ರ ಕಾರ್ಮಿಕ ಸಂಘಗಳ ಕಾಯ್ದೆಯ 16ನೇ ಕಲಂನಲ್ಲಿತ್ತು, ಅದರ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ರಾಜಕೀಯ ಕೆಲಸಕ್ಕೆ ಪ್ರತ್ಯೇಕ ನಿಧಿ ಇರಬೇಕು, ಅದಕ್ಕೆ ಕೊಡುವಂತೆ ಯಾವ ಸದಸ್ಯರನ್ನೂ ಒತ್ತಾಯಿಸುವಂತಿಲ್ಲ, ಕೊಡದವರಿಗೆ ಸಂಘದ ಸೌಲಭ್ಯ ತಪ್ಪಿಸುವಂತಿಲ್ಲ. ಕಾರ್ಮಿಕರ ಹಕ್ಕಿಗೆ ಹೋರಾಡಲೆಂದೇ ಹುಟ್ಟಿದ ಸಂಘಕ್ಕೇ ಇಷ್ಟು ಬಿಗಿ ಇರುವಾಗ ಯುಗಾದಿ, ರಾಜ್ಯೋತ್ಸವ ನಡೆಸಲೆಂದು ಕಟ್ಟಿದ ಸಂಘ ಇನ್ನೂ ಬಿಗಿಯಾಗಿರಬೇಕು.

ಹಂತ 4: ಸದಸ್ಯರನ್ನು ಕೇಳಿ

ವಿಷಯ ಮೊದಲ ಗುಂಪಿನದೇ, ಕಾನೂನಿನ ಅಡ್ಡಿಯೂ ಇಲ್ಲ ಎಂದಾದರೆ ಈಗ ಸಭೆ ಕರೆಯಿರಿ. ಬಹುಪಾಲು ಜಗಳಗಳು ಹುಟ್ಟುವುದು ಹೇಳಿಕೆಯ ಒಳಗಿನ ಮಾತಿನಿಂದಲ್ಲ, "ನಮ್ಮನ್ನು ಕೇಳಲಿಲ್ಲ" ಎಂಬುದರಿಂದ.

ನೋಟಿಸನ್ನು ಬೈಲಾ ಹೇಳುವಷ್ಟು ದಿನ ಮೊದಲೇ ಕಳಿಸಿ. ನೋಟಿಸಿನಲ್ಲಿ ವಿಷಯದ ಹೆಸರಷ್ಟೇ ಇದ್ದರೆ ಸಾಲದು, ಹೇಳಿಕೆಯ ಪೂರ್ತಿ ಕರಡು ಜೊತೆಗಿರಬೇಕು. "ಶಿಕ್ಷಣ ನೀತಿ ಕುರಿತು ಚರ್ಚೆ" ಎಂದು ಓದಿ ಮನೆಯಲ್ಲೇ ಉಳಿದವರು ಮರುದಿನ ಪತ್ರಿಕೆಯಲ್ಲಿ ಖಂಡನಾ ನಿರ್ಣಯ ನೋಡಿದರೆ ಮೋಸಹೋದಂತೆ ಅನಿಸುತ್ತದೆ, ಅನಿಸಬೇಕಾದದ್ದೇ.

ಕಾರ್ಯಸೂಚಿಯ ಕೊನೆಯಲ್ಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಎಂಬ ಸಾಲು ಇರುತ್ತದಲ್ಲ, ರಾಜಕೀಯ ನಿರ್ಣಯ ಅದರಡಿ ಎಂದೂ ಬರಬಾರದು. ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮುಗಿದು, ಅರ್ಧ ಜನ ಊಟಕ್ಕೆ ಎದ್ದುಹೋಗಿ, ಮುಂದಿನ ಸಾಲಿನ ಹತ್ತು-ಹದಿನೈದು ಜನ ಉಳಿದಿರುವಾಗ ಚಪ್ಪಾಳೆಯ ಮೂಲಕ ಅಂಗೀಕಾರವಾದ ನಿರ್ಣಯ ಕಾಗದದ ಮೇಲೆ "ಸರ್ವಾನುಮತ"ವಾಗಿರಬಹುದು, ಸಂಘದ ಅಭಿಪ್ರಾಯವಂತೂ ಅಲ್ಲ. ಇಂಥ ನಿರ್ಣಯವನ್ನು ಕಾರ್ಯಸೂಚಿಯ ಎರಡನೆಯ ಅಥವಾ ಮೂರನೆಯ ವಿಷಯವಾಗಿ ಇಡಿ. ಮತ ಹಾಕುವ ಗಳಿಗೆಯಲ್ಲಿ ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ) ಇದೆಯೇ ಎಂದು ತಲೆ ಎಣಿಸಿ. ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಬಿದ್ದ ಸಹಿ ಸಂಜೆಯ ಕೋರಂ ಆಗುವುದಿಲ್ಲ.

ಮತ ಹೇಗೆ? ಕೈ ಎತ್ತಿಸಬೇಡಿ. ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ವ್ಯಾಪಾರ, ಗುತ್ತಿಗೆ, ಮಕ್ಕಳ ಮದುವೆ, ಎಲ್ಲವೂ ಸಂಬಂಧಗಳ ಮೇಲೆ ನಿಂತಿರುವಾಗ ಅಧ್ಯಕ್ಷರ ಎದುರು ವಿರೋಧಕ್ಕೆ ಕೈ ಎತ್ತುವುದು ಸುಲಭವಲ್ಲ. ಅಂಗೈಯಗಲದ ಚೀಟಿ ಹಂಚಿ: ಪರ, ವಿರೋಧ, ತಟಸ್ಥ, ಮೂರು ಚೌಕ. ಎಣಿಸಲು ಇಬ್ಬರು ಸದಸ್ಯರಿರಲಿ, ಒಬ್ಬರು ಕರಡಿನ ಪರ ಇರುವವರು, ಇನ್ನೊಬ್ಬರು ವಿರೋಧ ಇರುವವರು. ಸಾಧಾರಣ ಬಹುಮತ ಸಾಲದು ಎಂಬುದು ನಮ್ಮ ಖಚಿತ ಅಭಿಪ್ರಾಯ. 51-49ರಲ್ಲಿ ಗೆದ್ದ ಹೇಳಿಕೆ ಅರ್ಧ ಸಂಘವನ್ನು ಹೊರಗೆ ನಿಲ್ಲಿಸುತ್ತದೆ. ಮತ ಹಾಕಿದವರಲ್ಲಿ ಮೂರನೇ ಎರಡು ಪಾಲು ಒಪ್ಪಿರಬೇಕು ಎಂದು ಮೊದಲೇ ನಿಯಮ ಮಾಡಿಕೊಳ್ಳಿ. ಸಾಧ್ಯವಾದರೆ ಬೈಲಾಗೇ ಸೇರಿಸಿ.

ನಡಾವಳಿಯಲ್ಲಿ ಹೀಗೆ ಬರಲಿ:

"ವಿಷಯ 3. ನಮ್ಮ ಊರಿನ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಯನ್ನು ಬೇರೆ ಶಾಲೆಯೊಂದಿಗೆ ವಿಲೀನ ಮಾಡುವ ಪ್ರಸ್ತಾವ ಕೈಬಿಡುವಂತೆ ಶಾಲಾ ಶಿಕ್ಷಣ ಇಲಾಖೆಯನ್ನು ಕೋರುವ, ನೋಟಿಸಿಗೆ ಲಗತ್ತಿಸಿದ ಹೇಳಿಕೆಯನ್ನು ಸಂಘದ ಹೆಸರಿನಲ್ಲಿ ಪ್ರಕಟಿಸಲು ಸಭೆ ಒಪ್ಪಿತು. ಸೂಚಕರು: ____. ಅನುಮೋದಕರು: ____. ಹಾಜರಿದ್ದವರು: ____. ಪರ: ____. ವಿರೋಧ: ____. ತಟಸ್ಥ: ____. ಭಿನ್ನಮತ ದಾಖಲಿಸಲು ಕೋರಿದವರು: ____."

ಕೊನೆಯ ಸಾಲನ್ನು ಬಿಡಬೇಡಿ. ತಮ್ಮ ವಿರೋಧ ಪುಸ್ತಕದಲ್ಲಿದೆ ಎಂದು ಗೊತ್ತಿದ್ದವರು ಸಂಘ ಬಿಟ್ಟುಹೋಗುವುದು ಕಡಿಮೆ.

ವಾಟ್ಸ್ಆ್ಯಪ್ ಗುಂಪಿನ ಪೋಲ್ ಸಭೆಗೆ ಬದಲಿಯಲ್ಲ. ಗುಂಪಿನಲ್ಲಿ ಸದಸ್ಯರಲ್ಲದವರೂ ಇರುತ್ತಾರೆ, ಒಂದೇ ಸದಸ್ಯತ್ವದ ಮನೆಯಿಂದ ಮೂರು ನಂಬರ್ ಇರುತ್ತವೆ, ಹಿರಿಯ ಆಜೀವ ಸದಸ್ಯರು ಗುಂಪಿನಲ್ಲೇ ಇರುವುದಿಲ್ಲ. ಸದಸ್ಯರ ಒಲವು ತಿಳಿಯಲು ಬಳಸಿ, ನಿರ್ಣಯಕ್ಕಲ್ಲ.

ತುರ್ತಾದರೆ? ಆದೇಶ ಇಂದು ಬಂದು ಆಕ್ಷೇಪಣೆಗೆ ವಾರ ಮಾತ್ರ ಉಳಿದಿದ್ದರೆ ಮಹಾಸಭೆ ಕರೆಯಲು ಆಗುವುದಿಲ್ಲ. ಅಂಥ ಹೊತ್ತಿಗೆಂದು ಕಾರ್ಯಕಾರಿ ಸಮಿತಿಗೆ ಮೂರು ಷರತ್ತಿನ ಅಧಿಕಾರವನ್ನು ಮೊದಲೇ ಕೊಟ್ಟಿಡಿ: ವಿಷಯ ಮೊದಲ ಗುಂಪಿನದೇ ಆಗಿರಬೇಕು, ಸಮಿತಿಯ ನಾಲ್ಕನೇ ಮೂರು ಪಾಲು ಲಿಖಿತವಾಗಿ ಒಪ್ಪಬೇಕು, ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಘಟನೋತ್ತರ ಅನುಮೋದನೆಗೆ (ಆದ ಮೇಲೆ ಪಡೆಯುವ ಒಪ್ಪಿಗೆಗೆ) ಇಡಬೇಕು. ಹೇಳಿಕೆಯಲ್ಲೂ "ಕಾರ್ಯಕಾರಿ ಸಮಿತಿಯ ಅಭಿಪ್ರಾಯ" ಎಂದೇ ಬರಬೇಕು, "ಸಂಘದ ಎಲ್ಲ ಸದಸ್ಯರ" ಎಂದಲ್ಲ.

ಹಂತ 5: ಹೇಳಿಕೆ ಬರೆಯಿರಿ

ಉದ್ದ 200ರಿಂದ 250 ಪದ ಇರಲಿ, ಪತ್ರಿಕೆಯವರು ಅದಕ್ಕಿಂತ ಹೆಚ್ಚು ಬಳಸುವುದಿಲ್ಲ. ಅವರೇ ಕತ್ತರಿಸಿದರೆ ನಿಮ್ಮ ಮುಖ್ಯ ಮಾತೇ ಹೋಗಬಹುದು. ಮೊದಲ ಸಾಲಿನಲ್ಲಿ ಬೇಡಿಕೆ. ಎರಡನೆಯದರಲ್ಲಿ ಸಂಘ ಯಾವುದು, ಈ ವಿಷಯಕ್ಕೂ ಅದಕ್ಕೂ ಏನು ಸಂಬಂಧ. ಆಮೇಲೆ ತೀರ್ಮಾನ ಹೇಗಾಯಿತು. ನಂತರ ಎರಡು-ಮೂರು ಸಂಗತಿ, ಪ್ರತಿಯೊಂದಕ್ಕೂ ಆದೇಶದ ಸಂಖ್ಯೆ ಮತ್ತು ದಿನಾಂಕ. ಕೊನೆಗೆ ಯಾವ ಕಚೇರಿ, ಎಷ್ಟು ದಿನದೊಳಗೆ, ಏನು ಮಾಡಬೇಕು.

ತೀರ್ಮಾನದ ಸಾಲನ್ನು ಹೆಚ್ಚಿನವರು ಬರೆಯುವುದಿಲ್ಲ, ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದೇ. "ಇಂಥ ದಿನ ನಡೆದ ವಿಶೇಷ ಸರ್ವಸದಸ್ಯರ ಸಭೆಯಲ್ಲಿ ಹಾಜರಿದ್ದ ಇಷ್ಟು ಸದಸ್ಯರಲ್ಲಿ ಇಷ್ಟು ಮಂದಿ ಪರವಾಗಿ ಮತ ಹಾಕಿದರು." ಒಳಗೆ ಭಿನ್ನಾಭಿಪ್ರಾಯ ಇತ್ತೆಂದು ಇದರಿಂದ ಗೊತ್ತಾದರೆ ಗೊತ್ತಾಗಲಿ. ಎಣಿಕೆ ಇರುವ ಹೇಳಿಕೆಯನ್ನು ಅಧಿಕಾರಿಗಳೂ ವರದಿಗಾರರೂ ಬೇರೆ ರೀತಿ ಓದುತ್ತಾರೆ.

"ಸಮಸ್ತ ಕನ್ನಡಿಗರ ಪರವಾಗಿ", "ಇಡೀ ಸಮಾಜದ ಒಕ್ಕೊರಲಿನಿಂದ" ಎಂಬ ಮಾತು ಬೇಡ. ನೀವು ನಿಮ್ಮ ಸದಸ್ಯರ ಪರ ಮಾತ್ರ ಮಾತಾಡಬಲ್ಲಿರಿ. "ಹುನ್ನಾರ", "ಕುತಂತ್ರ", "ಕಮಿಷನ್ ಆಸೆಗಾಗಿ" ಎಂದು ಉದ್ದೇಶ ಕಟ್ಟಬೇಡಿ. ಸಾಬೀತು ಮಾಡಲಾಗದ ಆರೋಪ ನ್ಯಾಯ ಸಂಹಿತೆಯ 356ನೇ ಕಲಂನ ಮಾನಹಾನಿಯಾಗಬಹುದು, ಪ್ರಕರಣದಲ್ಲಿ ಹೆಸರು ಬರುವುದು ಸಹಿ ಹಾಕಿದ ಕಾರ್ಯದರ್ಶಿಯದು. ಸಮುದಾಯಗಳ ನಡುವೆ ದ್ವೇಷ ಬಿತ್ತುವ ಮಾತಿಗೆ 196ನೇ ಕಲಂ ಇದೆ. ವ್ಯಕ್ತಿಯನ್ನು ಬಿಟ್ಟು ಆದೇಶವನ್ನು ಹಿಡಿಯಿರಿ.

ಒಂದೇ ವಿಷಯವನ್ನು ಎರಡು ರೀತಿ ಬರೆದು ನೋಡಿ.

ಬೇಡದ್ದು: "ಕನ್ನಡ ವಿರೋಧಿ ಸಚಿವರು ನಮ್ಮ ಶಾಲೆಯನ್ನು ಮುಚ್ಚಿಸಲು ಹುನ್ನಾರ ನಡೆಸಿರುವುದನ್ನು ಸಮಸ್ತ ಕನ್ನಡಿಗರು ಉಗ್ರವಾಗಿ ಖಂಡಿಸುತ್ತಾರೆ. ಚುನಾವಣೆಯಲ್ಲಿ ತಕ್ಕ ಪಾಠ ಕಲಿಸಲಾಗುವುದು."

ಬೇಕಾದದ್ದು: "ನಮ್ಮ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ವಿಲೀನದ ಪ್ರಸ್ತಾವವನ್ನು ಕೈಬಿಡಬೇಕೆಂದು ಸಂಘ ಕೋರುತ್ತದೆ. ಶಾಲೆಯಲ್ಲಿ ಈಗ ____ ಮಕ್ಕಳಿದ್ದಾರೆ. ವಿಲೀನವಾಗಲಿರುವ ಶಾಲೆ ____ ಕಿಲೋಮೀಟರ್ ದೂರದಲ್ಲಿದೆ, ದಾರಿಯಲ್ಲಿ ಹೆದ್ದಾರಿ ದಾಟಬೇಕು. ತೀರ್ಮಾನಕ್ಕೆ ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿಗಳು ಪೋಷಕರ ಸಭೆ ಕರೆಯಬೇಕು."

ಎರಡನೆಯದಕ್ಕೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ. ಮೊದಲನೆಯದಕ್ಕೆ ಪ್ರತಿಹೇಳಿಕೆ ಬರುತ್ತದೆ, ಶಾಲೆಯ ಕತೆ ಅಲ್ಲಿಗೇ ನಿಲ್ಲುತ್ತದೆ.

ಹಂತ 6: ಬಿಡುಗಡೆ

ಮೊದಲು ಸದಸ್ಯರಿಗೆ, ಆಮೇಲೆ ಕಚೇರಿಗೆ, ಕೊನೆಗೆ ಪತ್ರಿಕೆಗೆ. ಕಚೇರಿಗೆ ಕೊಡುವ ಮನವಿ ಎರಡು ಪ್ರತಿ ಇರಲಿ, ಒಂದರ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಂಡು ಕಡತಕ್ಕೆ ಸೇರಿಸಿ. ಮಾತಾಡಲು ಒಬ್ಬರೇ ಇರಲಿ. ವೇದಿಕೆಯಲ್ಲಿ ಪಕ್ಷದ ಮುಖಂಡರು, ಟಿಕೆಟ್ ಆಕಾಂಕ್ಷಿಗಳು ಬೇಡ. ಬರಹದಲ್ಲಿ ಎಷ್ಟೇ ಜಾಗ್ರತೆ ವಹಿಸಿದ್ದರೂ ಫೋಟೋದಲ್ಲಿ ಪಕ್ಕದಲ್ಲಿ ಕೂತವರೇ ಸುದ್ದಿಯಾಗುತ್ತಾರೆ. ಕರಡಿನಾಚೆಯ ಪ್ರಶ್ನೆ ಬಂದರೆ ಹೇಳಬೇಕಾದ್ದು ಇಷ್ಟೇ: "ಆ ವಿಷಯ ನಮ್ಮ ಸಭೆಯ ಮುಂದೆ ಬಂದಿಲ್ಲ, ಹಾಗಾಗಿ ಸಂಘಕ್ಕೆ ಅಭಿಪ್ರಾಯವಿಲ್ಲ."

ಹಂತ 7: ಅಧ್ಯಕ್ಷರ ಸ್ವಂತ ಮಾತು

ಅಧ್ಯಕ್ಷರಾದ ಮಾತ್ರಕ್ಕೆ ಯಾರೂ ನಾಗರಿಕರ ಹಕ್ಕು ಕಳೆದುಕೊಳ್ಳುವುದಿಲ್ಲ. ಅವರು ಬರೆಯಲಿ, ಮಾತಾಡಲಿ, ಮತ ಕೇಳಲಿ. ಆದರೆ ಪದನಾಮ ಬಿಟ್ಟು. ಲೇಖನದ ಕೆಳಗೆ "ಅಧ್ಯಕ್ಷರು, ____ ಸಂಘ" ಎಂದು ಹಾಕಿ ಪಕ್ಕದಲ್ಲಿ "ಅಭಿಪ್ರಾಯ ವೈಯಕ್ತಿಕ" ಎಂದು ಸೇರಿಸಿದರೆ ಓದುಗರ ಕಣ್ಣಿಗೆ ಬೀಳುವುದು ಮೊದಲನೆಯದೇ. ವರದಿಗಾರರು ಗುರುತಿಗೆಂದು ಪದನಾಮ ಸೇರಿಸುತ್ತಾರೆ, ಅದಕ್ಕೆ ಮಾತಿಗೆ ಮೊದಲೇ "ನನ್ನ ಹೆಸರಷ್ಟೇ ಹಾಕಿ, ಸಂಘದ ಹೆಸರು ಬೇಡ" ಎಂದು ಕೇಳಿಕೊಳ್ಳಬೇಕು, ಸಂದೇಶದಲ್ಲೂ ಕಳಿಸಬೇಕು. ಸಂಘದ ಲೆಟರ್‌ಹೆಡ್, ಮೊಹರು, ಕಚೇರಿ, ಸದಸ್ಯರ ಫೋನ್ ಪಟ್ಟಿ ಸ್ವಂತ ಮಾತಿಗೆ ಬಳಕೆಯಾಗಬಾರದು. ಫೋನ್ ಪಟ್ಟಿಯ ಬಗ್ಗೆ ವಿಶೇಷ ಎಚ್ಚರ ಇರಲಿ. ಚುನಾವಣೆಯಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ. ಪದಾಧಿಕಾರಿ ಚುನಾವಣೆಗೆ ನಿಲ್ಲುವುದಾದರೆ ನಾಮಪತ್ರಕ್ಕೆ ಮೊದಲೇ ಹುದ್ದೆಯಿಂದ ಇಳಿಯಲಿ, ಸದಸ್ಯರಾಗಿ ಉಳಿಯಬಹುದು.

ಹಂತ 8: ಅನುಮತಿಯಿಲ್ಲದೆ ಹೇಳಿಕೆ ಹೊರಬಿದ್ದಿದ್ದರೆ

ಜಾಲತಾಣದಿಂದ ಸದ್ದಿಲ್ಲದೆ ಅಳಿಸಬೇಡಿ, ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಊರೆಲ್ಲ ಸುತ್ತಿರುತ್ತದೆ. ಒಂದೆರಡು ದಿನದೊಳಗೆ ಕಾರ್ಯಕಾರಿ ಸಮಿತಿ ಸೇರಿ ಸ್ಪಷ್ಟನೆ ಕೊಡಲಿ, ಮೊದಲ ಹೇಳಿಕೆ ಹೋದ ಎಲ್ಲ ಕಡೆಗೂ ಅದು ಹೋಗಲಿ: "ಇಂಥ ದಿನ ಸಂಘದ ಹೆಸರಿನಲ್ಲಿ ಪ್ರಕಟವಾದ ಹೇಳಿಕೆಗೆ ಸಂಘದ ಯಾವುದೇ ಸಭೆಯ ಒಪ್ಪಿಗೆ ಇರಲಿಲ್ಲ. ಅದು ಸಂಘದ ನಿಲುವಲ್ಲ." ಹೇಳಿಕೆ ಕೊಟ್ಟವರನ್ನು ಹಳಿಯುವ ಪದ ಇದರಲ್ಲಿ ಇರಬಾರದು. ಅವರ ಮೇಲೆ ಕ್ರಮ ಬೇಕೋ ಬೇಡವೋ ಎಂಬುದು ಬೇರೆಯೇ ಸಭೆಯ ವಿಷಯ, ಅವರ ವಿವರಣೆ ಕೇಳಿದ ಮೇಲಿನದು.

ಸಮಿತಿಯೇ ಸುಮ್ಮನಿದ್ದರೆ ಸದಸ್ಯರು ಮೊದಲು ಕಾರ್ಯದರ್ಶಿಗೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ನಂತರ ಬೈಲಾದಲ್ಲಿ ಹೇಳಿದಷ್ಟು ಸದಸ್ಯರ ಸಹಿ ಸೇರಿಸಿ ವಿಶೇಷ ಸಭೆ ಕೇಳಿ. ಅದೂ ಆಗದಿದ್ದರೆ 1960ರ ಕಾಯ್ದೆಯ 25ನೇ ಕಲಂ ಇದೆ: ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಜನ ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ಸಂಘದ ವ್ಯವಹಾರದ ವಿಚಾರಣೆ ನಡೆಸಬೇಕಾಗುತ್ತದೆ. ಆದರೆ ವಿಚಾರಣೆ ಒಂದು ಹೇಳಿಕೆಗೆ ನಿಲ್ಲುವುದಿಲ್ಲ, ಸಂಘದ ಲೆಕ್ಕ, ಸದಸ್ಯತ್ವ, ಚುನಾವಣೆ ಎಲ್ಲವನ್ನೂ ಕೆದಕುತ್ತದೆ. ಅರ್ಜಿಯ ಜೊತೆ ಹೇಳಿಕೆಯ ಪ್ರತಿ, ಬೈಲಾದ ಸಂಬಂಧಪಟ್ಟ ಪುಟ, ನೀವು ಕೊಟ್ಟ ಆಕ್ಷೇಪಣೆ ಮತ್ತು ಅದರ ಸ್ವೀಕೃತಿ, ಸಹಿ ಮಾಡಿದವರ ಸದಸ್ಯತ್ವ ಸಂಖ್ಯೆ ಇರುವ ಪಟ್ಟಿ ಇಡಿ. ಚಂದಾ ಬಾಕಿ ಇರುವವರ ಸಹಿ ಲೆಕ್ಕಕ್ಕೆ ಬರುವುದೇ ಎಂಬ ತಕರಾರು ಏಳುತ್ತದೆ, ಆದ್ದರಿಂದ ಅರ್ಜಿಗೆ ಮೊದಲೇ ಬಾಕಿ ತೀರಿಸಿ ರಸೀದಿ ಪಡೆದುಕೊಳ್ಳಿ.